ಮೊದಲು ಹೇಳು, ಆಮೇಲೆ ಮುಟ್ಟು

ನಲವತ್ತೆರಡನೆಯ ವಯಸ್ಸಿನಲ್ಲಿ ನರ್ಸಿಂಗ್ ಸಹಾಯಕಿಯಾಗಿ ಆಸ್ಪತ್ರೆಗೆ ಸೇರಿದವಳಿಗೆ ಮೊದಲ ದಿನ ಹೆದರಿಕೆಯೇನೂ ಇರಲಿಲ್ಲ. ಮಾತು ನಿಂತು ಹಾಸಿಗೆ ಹಿಡಿದ ಅಮ್ಮನನ್ನು, ಅವಳು ತೀರಿಕೊಳ್ಳುವವರೆಗೆ, ಎರಡು ವರ್ಷ ಒಬ್ಬಳೇ ನೋಡಿಕೊಂಡವಳು. ಹೊರಳಿಸುವುದು, ಮೈ ಒರೆಸುವುದು, ಹೊದಿಕೆ ಬದಲಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆ ಜಂಬದಲ್ಲೇ ಮೂರನೆಯ ಮಂಚದ ಅಜ್ಜಿಯ ಭುಜಕ್ಕೆ ಕೈ ಹಾಕಿದಳು. ಅಜ್ಜಿ ಬೆಚ್ಚಿಬಿದ್ದು ಮಂಚದ ಕಂಬಿ ಹಿಡಿದುಕೊಂಡರು.

"ಏನಮ್ಮಾ, ಮೂಟೆ ಉರುಳಿಸ್ತಿದ್ದೀಯಾ?" ಹಿರಿಯ ನರ್ಸು ಗದರಿದರು. "ಮೊದಲು ಹೇಳು, ಆಮೇಲೆ ಮುಟ್ಟು. ಮಾತು ಬರದಿದ್ರೂ ಕಿವಿ ಕೇಳುತ್ತೆ ಅವರಿಗೆ."

ಅವಳ ಮುಖ ಸಪ್ಪಗಾಯಿತು. ಅಮ್ಮನೂ ದಿನಾ ಹೀಗೇ ಬೆಚ್ಚುತ್ತಿದ್ದಳು. "ನಾನೇ ಕಣಮ್ಮಾ, ಯಾಕೆ ಹಾಗಾಡ್ತೀಯ?" ಎಂದು ಇವಳು ದಿನಾ ರೇಗುತ್ತಿದ್ದಳು, ಅದೂ ಮುಟ್ಟಿದ ಮೇಲೆ.

"ಅಜ್ಜಿ, ಈಗ ನಿಮ್ಮನ್ನ ಎಡಕ್ಕೆ ಹೊರಳಿಸ್ತೀನಿ. ಮೊದಲು ಭುಜ ಹಿಡ್ಕೋತೀನಿ," ಎಂದಳು. ಕಂಬಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಇಷ್ಟೇ ಇತ್ತು. ಇಷ್ಟನ್ನು ಆಗ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಒಂದೇ ಒಂದು ಬೆಳಗಿನ ಮಟ್ಟಿಗೆ ಅಮ್ಮ ವಾಪಸು ಸಿಕ್ಕರೆ ಸಾಕಿತ್ತು.

ಸಂಜೆ ಮನೆಗೆ ಬಂದು, ಎಂದಿನಂತೆ ಅಮ್ಮನ ಫೋಟೋದ ಧೂಳು ಒರೆಸಲು ಬಟ್ಟೆ ಎತ್ತಿದವಳ ಕೈ ಅರ್ಧದಲ್ಲೇ ನಿಂತಿತು.

"ಅಮ್ಮಾ," ಎಂದಳು, "ಈಗ ನಿನ್ನ ಮುಖ ಒರೆಸ್ತೀನಿ."

ಸ್ವಲ್ಪ ಹೊತ್ತು ಕಾದು, ಆಮೇಲೆ ಮುಟ್ಟಿದಳು.