ದೊಡ್ಡಮ್ಮನಿಗೆ ಓದಿ ಹೇಳದ ಏಳನೆಯ ಭಾಗ

ಕಳೆದ ತಿಂಗಳು ಮೈಸೂರಿನ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಳ್ಳಲು ನಿಂತಿದ್ದಾಗ ಪಕ್ಕದ ಅಂಗಡಿಯವನು ಹೊಗೆಸೊಪ್ಪಿನ ಗೋಣಿಯ ಬಾಯಿ ಬಿಚ್ಚಿದ. ಸೇದುವ ಬೀಡಿಯ ವಾಸನೆ ಬೇರೆ, ಬೆಂಕಿ ತಾಗದ ಸೊಪ್ಪಿನ ವಾಸನೆ ಬೇರೆ. ಎರಡನೆಯದರಲ್ಲಿ ಸ್ವಲ್ಪ ಬೆಲ್ಲ, ಸ್ವಲ್ಪ ಹಳೆಯ ಮಣ್ಣು, ಕೊನೆಗೆ ಒಂದು ಸೀನು ಇರುತ್ತದೆ. ನಾನು ಸೀನಿದೆ. ಸೀನಿದ ಕೂಡಲೇ ಆಚೆಮನೆ ದೊಡ್ಡಮ್ಮನ ಸ್ವರ ಕೇಳಿಸಿತು: "ಪುಸ್ತಕದ ಮೇಲೆ ಸೀನಬೇಡ ಬಾಲೆ, ಅದು ಲೈಬ್ರರಿಯದ್ದು."

ಹೀಗೆ ಅವರು ಎಂದಾದರೂ ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದೆ ಬರೆಯುವುದರಲ್ಲಿಯೂ ಕೆಲವು ವಿವರಗಳು ತಪ್ಪಿರಬಹುದು. ಅವರ ಸೀರೆ ನನ್ನ ನೆನಪಿನಲ್ಲಿ ಯಾವಾಗಲೂ ಹಸಿರು; ಒಬ್ಬರ ಬಳಿ ಇದ್ದದ್ದೆಲ್ಲ ಹಸಿರು ಸೀರೆಯೇ ಆಗಿರಲು ಸಾಧ್ಯವಿಲ್ಲ. ಆದರೆ ಒಂದು ವಿಷಯ ಖಂಡಿತ. ಏಳು ಭಾಗಗಳಿದ್ದ ಒಂದು ಮಾಂತ್ರಿಕ ಕಾದಂಬರಿಯನ್ನು ನಾನು ಅವರಿಗೆ ಆರು ಭಾಗ ಓದಿ ಹೇಳಿ, ಕಥೆ ಮುಗಿಯಿತು ಎಂದಿದ್ದೆ. ಏಕೆ ಹಾಗೆ ಮಾಡಿದೆ ಎಂಬುದಕ್ಕೆ ಇಷ್ಟು ವರ್ಷ ನನ್ನ ಬಳಿ ಒಂದು ಒಳ್ಳೆಯ ಕಾರಣವಿತ್ತು.

ಆಗ ನಮ್ಮ ಮನೆ ಮಡಂತ್ಯಾರಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮೂಡುಬಿದಿರೆಯ ಕಾಲೇಜಿಗೆ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಅಕ್ಕ ಊರಿನ ಶಾಲೆಯಲ್ಲಿ ಟೀಚರ್. ದೊಡ್ಡಮ್ಮ ನಮಗೆ ಸಂಬಂಧಿಕರೇನಲ್ಲ. ಪಕ್ಕದ ಮನೆಯವರು, ಅಮ್ಮನಿಗಿಂತ ಹಿರಿಯರು, ಅದಕ್ಕೆ ದೊಡ್ಡಮ್ಮ. ಗಂಡ ತೀರಿಕೊಂಡಿದ್ದರು, ಮಗಳನ್ನು ಅಳದಂಗಡಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ಬೀಡಿ ಕಟ್ಟುತ್ತಿದ್ದರು. ಅವರ ಜಗಲಿಯಲ್ಲಿ ಬೆಳಕು ಕಡಿಮೆ ಎಂದು ಮಧ್ಯಾಹ್ನದ ನಂತರ ಮೊರದಂಥ ಗೆರಸೆಯನ್ನು ಸೊಂಟಕ್ಕೆ ಒತ್ತಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಗೆರಸೆಯಲ್ಲಿ ಕತ್ತರಿಸಿದ ಎಲೆ, ಸೊಪ್ಪಿನ ಪುಡಿ, ನೂಲಿನ ಉಂಡೆ, ಎಲೆಯ ಅಳತೆಗೆ ಒಂದು ತಗಡಿನ ತುಂಡು.

ಮೊದಲ ಭಾಗವನ್ನು ನಾನು ನನ್ನ ಪಾಡಿಗೆ ಓದುತ್ತಿದ್ದೆ. ಬಹುಶಃ ನಕ್ಕಿರಬೇಕು.

"ಎಂತ, ಒಬ್ಬಳೇ ನಗುವುದು?"

"ಕಥೆ ದೊಡ್ಡಮ್ಮ."

"ನನಗೂ ಸ್ವಲ್ಪ ಹೇಳು ಮಾರಾಯ್ತಿ. ಕೈಗೆ ಕೆಲಸ ಉಂಟು, ಕಿವಿ ಖಾಲಿ ಉಂಟು."

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅವರು ಶಾಲೆಗೆ ಹೋದವರಲ್ಲ; ಪುಸ್ತಕದ ಕನ್ನಡ ಅರ್ಧ ಅರ್ಥವಾಗುತ್ತಿತ್ತು. ಹಾಗಾಗಿ ನಾನು ಒಂದು ಪುಟ ಓದುವುದು, ಅದನ್ನೇ ತುಳುವಿನಲ್ಲಿ ಹೇಳುವುದು ಎಂದಾಯಿತು. ಮಾಲೆಯ ಹೆಸರು ಇಲ್ಲಿ ಬೇಡ. ಈಗ ಯಾರೂ ಕೇಳದ ಪುಸ್ತಕಗಳು ಅವು. ಒಬ್ಬ ಮಂತ್ರವಾದಿ ಒಂದು ರಾಜ್ಯದ ಜನರ ಸ್ವರಗಳನ್ನೆಲ್ಲ ಕದ್ದು ಮಡಕೆಗಳಲ್ಲಿ ತುಂಬಿಸಿ ಬಾಯಿ ಕಟ್ಟಿಡುತ್ತಾನೆ. ಮೂಕನಾದ ರಾಜಕುಮಾರ ಅವನ್ನು ಹುಡುಕುತ್ತ ಹೋಗುತ್ತಾನೆ. ದಾರಿಯಲ್ಲಿ ಮತ್ತೆ ಮತ್ತೆ ಒಂದು ನದಿ ಅಡ್ಡ ಬರುತ್ತದೆ, ನದಿಯಲ್ಲಿ ಒಬ್ಬಳು ದೋಣಿಯವಳು. ಅವಳ ಸ್ವರವನ್ನು ಮಾತ್ರ ಮಂತ್ರವಾದಿಗೆ ಕದಿಯಲು ಆಗಿಲ್ಲ. ಏಕೆಂದರೆ ಅವಳು ಯಾವ ದಡಕ್ಕೂ ಸೇರಿದವಳಲ್ಲ. ಯಾವುದೋ ಶಾಪದಿಂದ ನೆಲಕ್ಕೆ ಕಾಲಿಡುವಂತಿಲ್ಲ.

ದೊಡ್ಡಮ್ಮ ಹುಟ್ಟಿ ಬೆಳೆದದ್ದು ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ಬದಿಯಲ್ಲಿ. ದೋಣಿಯ ವಿಷಯ ಬಂದರೆ ಅವರ ಎದುರು ಆ ಕಾದಂಬರಿಕಾರ ಚಿಕ್ಕ ಹುಡುಗ.

"ನೆರೆಯಲ್ಲಿ ದೋಣಿಯನ್ನು ಅಡ್ಡ ತಿರುಗಿಸಿದಳಂತಾ? ಮಗುಚಿ ಬೀಳ್ತದೆ. ಬರೆದವ ಹೊಳೆ ಕಂಡಿದ್ದಾನಾ, ಬಾವಿ ಮಾತ್ರ ಕಂಡದ್ದಾ?"

"ಮಂತ್ರದ ದೋಣಿ ದೊಡ್ಡಮ್ಮ."

"ದೋಣಿ ಮಂತ್ರದ್ದಾಗ್ಲಿ. ನೀರು ನೀರೇ ಅಲ್ವಾ?"

ಅವರಿಗೆ ಒಂದು ನಿಯಮವಿತ್ತು. ಅವರ ಅಪ್ಪ ಮಳೆ ಬಿಡದ ಆಟಿ ತಿಂಗಳಲ್ಲಿ ಮನೆಯಲ್ಲಿ ಪುರಾಣ ಓದಿಸುತ್ತಿದ್ದರಂತೆ. ಕಥೆಯೊಳಗಿನವರು ಸೆರೆಯಲ್ಲೋ ಕಾಡಿನಲ್ಲೋ ಇರುವಾಗ ಆ ದಿನದ ಓದು ನಿಲ್ಲಿಸುವಂತಿಲ್ಲ. ಅವರು ಕಷ್ಟದಿಂದ ಪಾರಾದ ಮೇಲೆಯೇ ಪುಸ್ತಕ ಮುಚ್ಚಬೇಕು. ಇಲ್ಲದಿದ್ದರೆ ಆ ಕಷ್ಟ ಕೇಳಿದವರ ಮನೆಯಲ್ಲಿ ಉಳಿದುಬಿಡುತ್ತದೆ. ಈ ನಿಯಮವನ್ನು ಅವರು ನನ್ನ ಮಾಂತ್ರಿಕ ಕಾದಂಬರಿಗೂ ತಂದರು. ಬರೆದವನಿಗೆ ಇದು ಗೊತ್ತಿರಲಿಲ್ಲ. ಅವನ ಭಾಗಗಳು ಹೆಚ್ಚಾಗಿ ಯಾರಾದರೊಬ್ಬರು ಕುತ್ತಿಗೆಯವರೆಗೆ ಅಪಾಯದಲ್ಲಿರುವಾಗಲೇ ಮುಗಿಯುತ್ತಿದ್ದವು.

ಮೊದಲ ಭಾಗದ ಕೊನೆಯ ಪುಟದಲ್ಲಿ ರಾಜಕುಮಾರ ಹಾಳುಬಾವಿಗೆ ಬಿದ್ದ. ನಾನು ಪುಸ್ತಕ ಮುಚ್ಚಿದೆ. ದೊಡ್ಡಮ್ಮ ಏಳಲಿಲ್ಲ.

"ಮುಂದೆ?"

"ಮುಂದಿನದ್ದು ಎರಡನೆಯ ಭಾಗದಲ್ಲಿ. ಅದನ್ನು ಬೇರೆ ಯಾರೋ ತೆಗೊಂಡು ಹೋಗಿದ್ದಾರೆ."

"ಹಾಗಾದರೆ ಅವರು ತಂದು ಕೊಡುವವರೆಗೆ ಇವ ಬಾವಿಯಲ್ಲಿ ಇರುವುದಾ? ಅನ್ನ ಇಲ್ಲ, ನೀರಿಲ್ಲ. ಕೂಗುವ ಅಂದ್ರೆ ಸ್ವರ ಸಹ ಇಲ್ಲ ಆ ಹುಡುಗನಿಗೆ."

ಅವರು ನಿಜವಾಗಿಯೂ ಏಳುವ ಹಾಗೆ ಕಾಣಲಿಲ್ಲ. ನಾನು ಮತ್ತೆ ಪುಸ್ತಕ ತೆರೆದು, ಪ್ರಕಾಶಕರ ಜಾಹೀರಾತಿದ್ದ ಪುಟದ ಮೇಲೆ ಕಣ್ಣಿಟ್ಟು, ಮೇಲಿನಿಂದ ಒಂದು ಗಟ್ಟಿ ಹಗ್ಗ ಇಳಿದು ಬಂತು, ಅವನು ಹತ್ತಿ ಬಂದ ಎಂದು ಹೇಳಿದೆ. ದೊಡ್ಡಮ್ಮ ಗೆರಸೆ ಎತ್ತಿಕೊಂಡು ಮನೆಗೆ ಹೋದರು. ಹದಿನೈದು ದಿನ ಬಿಟ್ಟು ಎರಡನೆಯ ಭಾಗ ತಂದು ನೋಡಿದರೆ ಅವನು ಇನ್ನೂ ಬಾವಿಯಲ್ಲೇ ಇದ್ದ. ಹಗ್ಗ ತುಂಡಾಗಿ ಮತ್ತೆ ಬಿದ್ದ ಎಂದೆ.

"ಗಟ್ಟಿ ಹಗ್ಗ ಅಂತ ಹೇಳಿದ್ದಿ ನೀನು."

"ಮಧ್ಯದಲ್ಲಿ ಇಲಿ ಕಡಿದಿತ್ತು."

"ಹ್ಞಾಂ," ಎಂದರು ದೊಡ್ಡಮ್ಮ, ನೂಲು ಹಲ್ಲಿನಲ್ಲಿ ಕಡಿಯುತ್ತ. ನಕ್ಕರೋ ಇಲ್ಲವೋ... ನೆನಪಿಲ್ಲ. ನಕ್ಕಿದ್ದರೆ ಅವರಿಗೆ ಎಲ್ಲ ಗೊತ್ತಾಗಿತ್ತು ಎಂದರ್ಥ. ಅಲ್ಲಿಂದ ಮುಂದೆ ಪ್ರತಿ ಭಾಗದ ಕೊನೆಗೆ ನಾನೇ ಒಂದು ನೆಲೆ ಕಟ್ಟಿಕೊಡುತ್ತಿದ್ದೆ, ಮುಂದಿನ ಭಾಗ ಬಂದಾಗ ನಾನೇ ಅದನ್ನು ಕೆಡವುತ್ತಿದ್ದೆ.

ಹೀಗೆ ಸುಮಾರು ಒಂದೂವರೆ ವರ್ಷ. ಯುದ್ಧದ ಅಧ್ಯಾಯ ಓದಿದ ದಿನ ಕಟ್ಟಿದ ಬೀಡಿಗಳು ಸಡಿಲವಾಗಿದ್ದವೆಂದು, ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನವನು ಅವನ್ನು ಬದಿಗೆ ಎಸೆದನಂತೆ. "ನಿನ್ನ ರಾಜಕುಮಾರ ಬಂದು ಕಟ್ಟಿಕೊಡ್ತಾನಾ ಇನ್ನು?" ಎಂದು ನನ್ನನ್ನು ಬೈದರು; ಬೈದು, "ಆ ಮೇಲೆ ಎಂತಾಯ್ತು?" ಎಂದರು. ಆದರೆ ನಿಜ ಹೇಳಬೇಕೆಂದರೆ ರಾಜಕುಮಾರನ ಮೇಲೆ ಅವರಿಗೆ ಅಷ್ಟೇನೂ ಅಕ್ಕರೆ ಇರಲಿಲ್ಲ. ಅವರು ಕಾಯುತ್ತಿದ್ದದ್ದು ದೋಣಿಯವಳಿಗೆ.

"ಅವಳಿಗೊಂದು ಹೆಸರಿಟ್ಟಿದ್ದರೆ ಬರೆದವನ ಗಂಟೇನು ಹೋಗುತ್ತಿತ್ತು?" ಎಂದರು ಒಮ್ಮೆ. ಮತ್ತೊಮ್ಮೆ, ನಾಲ್ಕನೆಯದೋ ಐದನೆಯದೋ ಭಾಗದ ನಡುವೆ, ಕೈಯ ಎಲೆಯನ್ನು ಕೆಳಗಿಟ್ಟು ಕೇಳಿದರು:

"ಕೊನೆಗೆ ಅವಳು ದಡ ಹತ್ತುತ್ತಾಳಾ ಇಲ್ವಾ? ನನಗೆ ಅದೊಂದು ಗೊತ್ತಾದರೆ ಸಾಕು. ರಾಜ್ಯ ಯಾರಿಗೆ ಸಿಕ್ಕಿದರೆ ನನಗೆಂತ?"

"ಗೊತ್ತಿಲ್ಲ ದೊಡ್ಡಮ್ಮ. ಓದಿಯೇ ನೋಡಬೇಕು."

"ಓದುವ, ಓದುವ. ನನಗೆ ಅವಸರ ಇಲ್ಲ."

ಅವಸರ ನನಗಿತ್ತು. ಆರನೆಯ ಭಾಗ ಕೈಗೆ ಬಂದಾಗ ನನ್ನ ಕೊನೆಯ ವರ್ಷದ ಪರೀಕ್ಷೆಗೆ ಆರು ವಾರವಿತ್ತು. ಆ ಭಾಗದಲ್ಲಿ ಮಡಕೆಗಳು ಒಡೆಯುತ್ತವೆ, ಸ್ವರಗಳು ತಮ್ಮ ತಮ್ಮ ಬಾಯಿಗೆ ಮರಳುತ್ತವೆ, ರಾಜಕುಮಾರನಿಗೆ ಪಟ್ಟವಾಗುತ್ತದೆ. ಆ ಒಂದು ಭಾಗ ಮಾತ್ರ ನಮ್ಮ ನಿಯಮಕ್ಕೆ ಸರಿಯಾಗಿ ಮುಗಿಯುತ್ತಿತ್ತು. ಆದರೆ ದೋಣಿಯವಳು ಇನ್ನೂ ನದಿಯ ನಡುವೆಯೇ ಇದ್ದಳು. ಪಟ್ಟದ ವಾದ್ಯ ಅವಳಿಗೆ ನೀರಿನ ಮೇಲಿಂದ ಕೇಳಿಸಿತು ಎಂಬುದು ಕೊನೆಯ ವಾಕ್ಯ. ನಾನು ಆ ವಾಕ್ಯ ಓದಲಿಲ್ಲ. ಬದಲಿಗೆ, ವಾದ್ಯದ ಸದ್ದು ಕೇಳಿ ಅವಳು ದೋಣಿಯನ್ನು ದಡಕ್ಕೆ ತಂದಳು, ಶಾಪ ಮುಗಿದಿತ್ತು, ಒದ್ದೆ ಮರಳಿನ ಮೇಲೆ ಕಾಲಿಟ್ಟಳು, ಅಲ್ಲಿಗೆ ಕಥೆ ಸಂಪೂರ್ಣ ಎಂದೆ.

ದೊಡ್ಡಮ್ಮ ಕೈಯ ಬೀಡಿಗೆ ನೂಲು ಸುತ್ತಿ ಮುಗಿಸಿದರು. ಆಮೇಲೆ, "ಯಾವ ಕಾಲು ಮೊದಲು ಇಟ್ಟದ್ದು?" ಎಂದು ಕೇಳಿದರು.

"ಬಲಗಾಲು."

"ಒಳ್ಳೆದಾಯ್ತು."

ಮರುದಿನ ಅವರು ಬೆಲ್ಲ, ತೆಂಗಿನಕಾಯಿ ತುರಿ ಹಾಕಿ ಅವಲಕ್ಕಿ ಕಲಸಿ ತಂದರು. ಪುರಾಣ ಮುಗಿದರೆ ಹಾಗೆ ಹಂಚುವ ಕ್ರಮವಂತೆ. ಪುಸ್ತಕವನ್ನು ಮಣೆಯ ಮೇಲಿಡಿಸಿ, ರಟ್ಟಿಗೆ ಅರಸಿನದ ಬೊಟ್ಟಿಟ್ಟು, ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. (ಆ ಕಲೆ ನೋಡಿ ಲೈಬ್ರರಿಯವರು, "ನೀವು ಪುಸ್ತಕ ಓದಿದ್ದಾ, ಸಾಂಬಾರು ಮಾಡಿದ್ದಾ?" ಎಂದು ಕೇಳಿದ್ದರು.) ಆಗ ಅಕ್ಕ ಶಾಲೆಯಿಂದ ಬಂದಳು. ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ಪುಸ್ತಕ ತಿರುಗಿಸಿ ನೋಡಿದಳು. ಹಿಂದಿನ ರಟ್ಟಿನಲ್ಲಿ ಏಳೂ ಭಾಗಗಳ ಪಟ್ಟಿ ಅಚ್ಚಾಗಿತ್ತು. ಅವಳು ನನ್ನ ಮುಖ ನೋಡಿದಳು. ಪುಸ್ತಕವನ್ನು ಮೊದಲಿನಂತೆ ಮಣೆಯ ಮೇಲಿಟ್ಟು ಒಳಗೆ ಹೋದಳು.

ಇಷ್ಟು ವರ್ಷ ನಾನು ಈ ಕಥೆಯನ್ನು ಗೆಳತಿಯರಿಗೆ, ಒಂದೆರಡು ಬಾರಿ ನನ್ನ ವಿದ್ಯಾರ್ಥಿಗಳಿಗೂ, ಹೀಗೆ ಹೇಳುತ್ತ ಬಂದಿದ್ದೇನೆ: ಏಳನೆಯ ಭಾಗವನ್ನು ನಾನು ಮೊದಲೇ ಓದಿದ್ದೆ, ಅದರಲ್ಲಿ ದೋಣಿಯವಳು ದಡ ಹತ್ತುವುದಿಲ್ಲ, ಅದನ್ನು ಆ ಹಿರಿಯ ಜೀವಕ್ಕೆ ಹೇಳಲು ಮನಸ್ಸಾಗದೆ ಆರಕ್ಕೇ ಮುಗಿಸಿದೆ. ಕೇಳಿದವರು ಒಪ್ಪುತ್ತಿದ್ದರು. ನಾನೂ ಒಪ್ಪಿದ್ದೆ.

ಮಾರುಕಟ್ಟೆಯಿಂದ ಬಂದ ದಿನ ಆ ವರ್ಷದ ದಿನಚರಿಯನ್ನು ಹುಡುಕಿ ತೆಗೆದೆ. ಹದಿನೇಳರ ವಯಸ್ಸಿನಿಂದ ದಿನಚರಿ ಬರೆಯುತ್ತೇನೆ, ತೆರೆದು ನೋಡುವುದು ಅಪರೂಪ. ಅವಲಕ್ಕಿಯ ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಎರಡು ಸಾಲು: "ದೊಡ್ಡಮ್ಮನದ್ದು ಇವತ್ತು ಮುಗಿಸಿಬಿಟ್ಟೆ. ಇನ್ನು ಸಂಜೆಗಳು ನನ್ನವು." ಪುಟ ತಿರುಗಿಸುತ್ತ ಹೋದರೆ, ಪರೀಕ್ಷೆ ಮುಗಿದ ಮೇಲೆ, ಎಷ್ಟೋ ದಿನಗಳ ನಂತರ: "ಏಳನೆಯದು ಸಿಕ್ಕಿತು."

ಅಂದರೆ ಕಥೆ ಮುಗಿಯಿತು ಎಂದು ನಾನು ಹೇಳುವಾಗ ದೋಣಿಯವಳ ಗತಿ ಏನೆಂದು ನನಗೂ ಗೊತ್ತಿರಲಿಲ್ಲ. ಅವರನ್ನು ದುಃಖದಿಂದ ಕಾಪಾಡಲು ನಾನು ಸುಳ್ಳು ಹೇಳಿದ್ದಲ್ಲ. ನನಗೆ ಸಾಕಾಗಿತ್ತು. ಪರೀಕ್ಷೆಗೆ ಓದುವುದು ಬಾಕಿ ಇತ್ತು, ಸಂಜೆಗಳು ಬೇಕಿದ್ದವು. ಕರುಣೆಯನ್ನು ಆಮೇಲೆ ಸೇರಿಸಿಕೊಂಡದ್ದು. ಯಾವಾಗ ಸೇರಿಸಿಕೊಂಡೆ ಎಂದು ದಿನಚರಿಯಲ್ಲಿ ಇಲ್ಲ.

ಎಂ.ಎ. ಅರ್ಜಿಯ ಕಾಗದಗಳಿಗೆಂದು ಕಾಲೇಜಿಗೆ ಅಲೆಯುತ್ತಿದ್ದ ದಿನಗಳಲ್ಲಿ ಏಳನೆಯ ಭಾಗವನ್ನು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಓದಲು ತೊಡಗಿದ್ದೆ. ಮೂರು ದಿನದ ಬಸ್ಸಿನಲ್ಲಿ ಓದಿ, ವೇಣೂರು ದಾಟಿದ ಮೇಲೆ ಎಲ್ಲೋ ಮುಗಿಸಿದೆ. ಅದು ಪೂರ್ತಿ ದೋಣಿಯವಳ ಕಥೆ. ಅವಳ ಕೈಯಿಂದ ದೋಣಿಯ ಹುಟ್ಟನ್ನು ಯಾರಾದರೂ ತಾವಾಗಿ ತೆಗೆದುಕೊಂಡರೆ ಶಾಪ ಅವರಿಗೆ ದಾಟುತ್ತದೆ, ಅವಳು ದಡ ಹತ್ತಬಹುದು. ಕೊನೆಯಲ್ಲಿ ಒಬ್ಬ ಹುಡುಗಿ ಬಂದು, ಕೊಡು, ನಾನು ನಡೆಸುತ್ತೇನೆ ಎಂದು ಕೈ ಚಾಚುತ್ತಾಳೆ. ದೋಣಿಯವಳು ಕೊಡುವುದಿಲ್ಲ. ಹುಡುಗಿಯನ್ನು ಆಚೆ ದಡಕ್ಕೆ ಇಳಿಸಿ, ಮಂಜಿನೊಳಗೆ ಹಿಂದಿರುಗುತ್ತಾಳೆ. ಅಷ್ಟೇ.

ಪುಸ್ತಕ ಮುಚ್ಚಿ ಕುಳಿತೆ. ಸುತ್ತ ಜನರಿದ್ದರು, ಒಬ್ಬಾಕೆಯ ಬುಟ್ಟಿಯಲ್ಲಿ ಕೋಳಿ ಇತ್ತು, ಅದು ನೆನಪಿದೆ, ಅಥವಾ ಅದು ಬೇರೆ ದಿನ. ಹತ್ತಿರ ಹತ್ತಿರ ಎರಡು ವರ್ಷ ಜೊತೆಗಿದ್ದ ಕಥೆಯ ಜನ ಒಂದೇ ಪುಟದಲ್ಲಿ ಇಲ್ಲವಾದರು. ಇಷ್ಟು ದೊಡ್ಡದೊಂದು ಮುಗಿದಿದೆ, ಬಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ವಿಚಿತ್ರವಾಗಿತ್ತು. ಆ ದೋಣಿಯವಳನ್ನು ಬಲ್ಲವರು ನನ್ನ ತಿಳುವಳಿಕೆಯಲ್ಲಿ ಈ ಭೂಮಿಯ ಮೇಲೆ ಇನ್ನೊಬ್ಬರೇ ಇದ್ದರು. ಅವರ ಪಾಲಿಗೆ ಅವಳು ಬಲಗಾಲಿಟ್ಟು ದಡ ಹತ್ತಿ ಎರಡು ತಿಂಗಳಾಗಿತ್ತು.

ಮಡಂತ್ಯಾರಿನಲ್ಲಿ ಇಳಿದು ಮನೆಗೆ ಬರುವಾಗ ದೊಡ್ಡಮ್ಮ ತಮ್ಮ ಜಗಲಿಯಲ್ಲಿ, ಆ ಕಡಿಮೆ ಬೆಳಕಿನಲ್ಲೇ, ಬೀಡಿ ಕಟ್ಟುತ್ತಿದ್ದರು. ಓದು ನಿಂತ ಮೇಲೆ ಅವರು ನಮ್ಮ ಜಗಲಿಗೆ ಬರುವುದು ಕಡಿಮೆಯಾಗಿತ್ತು.

"ಪರೀಕ್ಷೆ ಮುಗಿಯಿತಲ್ಲ ಬಾಲೆ. ಹೊಸ ಕಥೆ ಉಂಟಾ?"

ಪುಸ್ತಕ ನನ್ನ ಚೀಲದಲ್ಲಿತ್ತು.

"ಇಲ್ಲ ದೊಡ್ಡಮ್ಮ."

"ಇರ್ಲಿ. ಸಿಕ್ಕಿದರೆ ತಾ."

ಆ ಜೂನ್‌ನಲ್ಲಿ ನಾನು ಎಂ.ಎ.ಗೆಂದು ಮೈಸೂರಿಗೆ ಬಂದೆ. ಆಮೇಲೆ ಇಲ್ಲೇ ಉಳಿದೆ. ಎಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಅಕ್ಕನ ಕಾಗದದ ಕೊನೆಯಲ್ಲಿ, ಬೇರೆ ಸುದ್ದಿಗಳ ಬಳಿಕ, ದೊಡ್ಡಮ್ಮ ಹೋದರು ಎಂದಿತ್ತು. ಆ ವರ್ಷ ನಾನು ಊರಿಗೆ ಹೋಗಲಿಲ್ಲ. ಏಕೆ ಹೋಗಲಿಲ್ಲ ಎಂಬುದಕ್ಕೂ ಒಂದು ಒಳ್ಳೆಯ ಕಾರಣವಿದೆ. ಈಗ ಅದನ್ನೂ ನಂಬುವುದು ಕಷ್ಟ.

ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಏಳನೆಯ ಭಾಗದ ಕೊನೆ ನನಗೆ ಬರೀ ದುಃಖವಾಗಿ ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ. ಹುಟ್ಟನ್ನು ಆ ಹುಡುಗಿಗೆ ಕೊಡದೆ ತಾನೇ ಹಿಡಿದುಕೊಂಡವಳ ವಿಷಯದಲ್ಲಿ ದೊಡ್ಡಮ್ಮ ಏನಾದರೂ ಹೇಳುತ್ತಿದ್ದರು. ಬಹುಶಃ ಬರೆದವನನ್ನು ಮೊದಲ ಬಾರಿ ಮೆಚ್ಚುತ್ತಿದ್ದರು. ಅಥವಾ, "ಇದೆಂತ ಹುಚ್ಚು ಇವಳಿಗೆ" ಎಂದು ಎಲೆ ಬಿಸಾಡುತ್ತಿದ್ದರು. ಅದನ್ನು ಕೇಳುವ ಅವಕಾಶ ಕೆಲವು ಸಂಜೆಗಳ ದೂರದಲ್ಲಿತ್ತು. ಆ ಸಂಜೆಗಳನ್ನು ನಾನು ನನಗೆ ಇಟ್ಟುಕೊಂಡೆ. ಅವುಗಳಲ್ಲಿ ಓದಿದ ಒಂದು ಪಾಠವೂ ಈಗ ನೆನಪಿಲ್ಲ.

ಕಳೆದ ಭಾನುವಾರ ಅಕ್ಕನಿಗೆ ಫೋನ್ ಮಾಡಿದೆ. ನಾನು ಊರು ಬಿಟ್ಟ ಮೇಲೆ ಐದಾರು ವರ್ಷ ಆ ಎರಡು ಜಗಲಿಗಳ ನಡುವೆ ಇದ್ದವಳು ಅವಳು. ಮಳೆ, ಮೊಣಕಾಲು ನೋವು, ಯಾರದೋ ಮದುವೆ ಎಲ್ಲ ಮಾತಾಡಿದೆವು. ಆಮೇಲೆ ಕೇಳಿದೆ:

"ಅಕ್ಕ, ಏಳನೆಯ ಭಾಗ ಉಂಟು ಅಂತ ದೊಡ್ಡಮ್ಮನಿಗೆ ನೀನು ಹೇಳಿದ್ದೆಯಾ?"

"ಒಲೆಯಲ್ಲಿ ಹಾಲು ಇಟ್ಟಿದ್ದೇನೆ, ಮತ್ತೆ ಫೋನ್ ಮಾಡ್ತೇನೆ," ಎಂದಳು. ಇವತ್ತು ಗುರುವಾರ.