ಸುಶಮೀಂದ್ರಾಚಾರ್ಯರ ನಡುನೋವೂ ಮಠದ ಕ್ಯಾಮೆರಾವೂ

ಮಾನ್ವಿಯ ಓಣಿಯೊಂದರ ರಾಯರ ಮಠದಲ್ಲಿ ಗುರುವಾರದ ಪಂಕ್ತಿ ಎದ್ದು, ಎಂಜಲೆಲೆ ಎತ್ತುವ ಹೊತ್ತು ಬಂದಿತೆಂದರೆ ಸುಶಮೀಂದ್ರಾಚಾರ್ಯರ ನಡು ಹಿಡಿಯುತ್ತಿತ್ತು. ಕಡಲೆಬೇಳೆ, ಬೆಲ್ಲದ ಸಿಹಿ ಹಯಗ್ರೀವದ ಪಾತ್ರೆ ಬರುವಾಗ ಮಾತ್ರ ಅದೇ ನಡು ಬಾಳೆಯ ಸುಳಿಯಂತೆ ಬಾಗುತ್ತಿತ್ತು. ರಾಯಚೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ, ಸಂಧ್ಯಾವಂದನೆ ತಪ್ಪಿಸದ ಆ ಸದ್‌ಗೃಹಸ್ಥರು ಬಾಳಿನಲ್ಲಿ ಸಾಕಿಕೊಂಡಿದ್ದ ಸುಳ್ಳು ಅದೊಂದೇ. ಮಠದ ಮಡಿ ಅಡುಗೆಯ ಸತ್ಯಭಾಮಾಬಾಯಿಗೆ ಅದು ತಿಳಿದಿತ್ತು.

ಬೃಂದಾವನದ ಪ್ರಾಂಗಣ ಇಕ್ಕಟ್ಟು. ಅಭಿಷೇಕದ ಹೊತ್ತಿಗೆ ವೃದ್ಧರೆಲ್ಲ ಹೊರಗಿನ ಪಡಸಾಲೆಯಲ್ಲೇ ಉಳಿಯುತ್ತಿದ್ದರು. ಒಳಗೊಂದು ಕ್ಯಾಮೆರಾ ಕೂರಿಸಿ ಪಡಸಾಲೆಯ ಟಿವಿಯಲ್ಲಿ ಅಭಿಷೇಕ ತೋರಿಸುವೆನೆಂದು ಆಚಾರ್ಯರು ಮುಂದಾದರು.

“ಕ್ಯಾಮೆರಾದ ವಿಳಾಸ, ಪಾಸ್‌ವರ್ಡ್ ಕೊಟ್ಟು ಒಂದು ಸಣ್ಣ ಪ್ರೋಗ್ರಾಂ ಬರದ್ರ ಆತು, ಭಾಮಕ್ಕಾ. ಚಿತ್ರ ತಾನ ಹರಕೋತ ಬರ್ತದ.”

“ಬಂದ್ರ ಜನ್ಮಪೂರ್ತಿ ನಿನ್ನ ಎಲಿಗೆ ಎರಡು ಸೌಟು ಹಯಗ್ರೀವ. ರಾಯರು ಕಾಣಲಿಲ್ಲಂದ್ರ ಇಡೀ ಪಂಕ್ತಿ ಎಲಿ ಎತ್ತಿ ನೆಲಕ್ಕ ಗೋಮಯ ಹಚ್ಚಾಂವ ನೀನ. ನಡಾ ಗಿಡಾ ಅನ್ನಂಗಿಲ್ಲ ಮತ್ತ!”

ಬುಧವಾರ ಸಂಜೆ ಆಚಾರ್ಯರು ತೊಲೆಗೆ ಕ್ಯಾಮೆರಾ ಬಿಗಿಸಿ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ನಡೆಸಿ ನೋಡಿದರು. ಕತ್ತಲಲ್ಲಿ ಕ್ಯಾಮೆರಾ ಕಪ್ಪುಬಿಳುಪಿನ ಚಿತ್ರವನ್ನಷ್ಟೇ ಕೊಡುತ್ತದೆ, ಕೊಟ್ಟಿತು. ಬೃಂದಾವನ ನಿಚ್ಚಳವಾಗಿತ್ತು. ಆಚಾರ್ಯರು ಆಗಲೇ ಮನದಲ್ಲಿ ಎರಡನೆಯ ಸೌಟಿನ ರುಚಿ ನೋಡಿದರು.

ಮರುದಿನ ಪಡಸಾಲೆ ತುಂಬಿತು. ಅಡುಗೆ ಮುಗಿಸಿ, ನೈವೇದ್ಯದ ಪಾತ್ರೆಗಳನ್ನು ಒಳಗೆ ಒಪ್ಪಿಸಿದ ಸತ್ಯಭಾಮಾಬಾಯಿ, ಆಚಾರ್ಯರ ಸೋಲನ್ನು ಕಣ್ಣಾರೆ ಕಾಣುವ ಆತುರಕ್ಕೆ ಮಡಿಯನ್ನೂ ಲೆಕ್ಕಿಸದೆ ಜನರ ನಡುವೆ ಬಂದು ಕುಳಿತರು. ಟಿವಿ ಹೊತ್ತಿಕೊಂಡಿತು. ತೆರೆಯ ತುಂಬ ನೀಲಿ. ನೀಲಿಯಲ್ಲದೆ ಮತ್ತೇನೂ ಇಲ್ಲ.

“ಕ್ಯಾಲೆಂಡರಿನ ಕ್ಷೀರಸಾಗರ ಏನೋ ಇದು?” ಎಂದರು ಬಾಯಿ.

ಆಚಾರ್ಯರು ಲ್ಯಾಪ್‌ಟಾಪ್ ಮುಂದೆ ಎಳೆದುಕೊಂಡರು. ಸಂಪರ್ಕವೇ ಸಿಕ್ಕಿಲ್ಲವೆಂದು ಬಗೆದು ವಿಳಾಸ, ಪಾಸ್‌ವರ್ಡ್ ಮತ್ತೆ ಒತ್ತಿದರು, ರೂಟರ್ ಆರಿಸಿ ಹಚ್ಚಿದರು. ಒಳಗೆ ಮೊಸರು ಮುಗಿದು ಜೇನಿನ ಅಭಿಷೇಕ ನಡೆದಿತ್ತು. ಹೊರಗೆ ಅದೇ ನೀಲಿ. ಆದರೆ ಆ ನೀಲಿ ಮೆಲ್ಲಗೆ ಅಲುಗಿತು. ಸಂಪರ್ಕವಿಲ್ಲದ ತೆರೆ ಗಾಳಿಗೆ ಅಲುಗುವುದುಂಟೆ? ಆಚಾರ್ಯರಿಗೆ ಥಟ್ಟನೆ ಹೊಳೆಯಿತು. ಕ್ಯಾಮೆರಾದ ಚಿತ್ರವನ್ನು ಪ್ರೋಗ್ರಾಮು ನೀಲಿಯನ್ನು ಮೊದಲಿಟ್ಟು ಓದುತ್ತದೆ, ತೆರೆ ಕೆಂಪನ್ನು ಮೊದಲು ಬೇಡುತ್ತದೆ; ನಡುವೆ ಆ ಎರಡು ಬಣ್ಣಗಳನ್ನು ಅದಲುಬದಲು ಮಾಡುವ ಸಾಲನ್ನು ಅವರು ಬರೆಯಲು ಮರೆತಿದ್ದರು. ಕಪ್ಪುಬಿಳುಪಿನಲ್ಲಿ ಆ ತಪ್ಪು ಕಾಣುವಂತಿರಲಿಲ್ಲ. ಸಾಲು ಸೇರಿಸಿದರು. ನೀಲಿ ಹೋಗಿ ಕುಂಕುಮಗೆಂಪು ಬಂದಿತು. ಅಂಚಿನಲ್ಲಿ ಜರಿ ಮಿನುಗಿತು.

“ಅಯ್ಯ ನನ್ನ ಮಡಿ ಸೀರೀ!” ಸತ್ಯಭಾಮಾಬಾಯಿ ಎದ್ದೇ ನಿಂತರು.

ನಾಳಿನ ಅಡುಗೆಗೆಂದು ಬೆಳಿಗ್ಗೆ ಹಿಂಡಿ, ಕೋಲಿನಿಂದ ಪ್ರಾಂಗಣದ ಮೇಲಿನ ಗಳಕ್ಕೆ ಹರವಿದ ಸೀರೆ ಸರಿಯಾಗಿ ಕ್ಯಾಮೆರಾದ ಕಣ್ಣೆದುರಿಗೆ ತೂಗುತ್ತಿತ್ತು.

“ನೋಡ್ರಿ, ಚಿತ್ರ ಬಂತು! ಎರಡು ಸೌಟು!” ಆಚಾರ್ಯರು ಕುಣಿದರು. “ಯಾರರ ಹೋಗಿ ಸೀರಿ ಸರಸ್ರಿ.”

“ಮುಟ್ಟಿ ನೋಡ್ರಿ! ನಾಳಿ ಅಡಿಗಿ ನೀವ ಮಾಡಬೇಕಾಗ್ತದ.” ಬಾಯಿ ಎಲ್ಲರನ್ನೂ ತಡೆದರು.

ಮಡಿಯ ಸೀರೆಯನ್ನು ಮೈಲಿಗೆಯವರು ಮುಟ್ಟುವಂತಿಲ್ಲ. ಬಾಯಿಯ ಮಡಿ ಜನರ ನಡುವೆ ಕುಳಿತಾಗಲೇ ಕೆಟ್ಟಿತ್ತು. ಮಡಿಯಲ್ಲಿದ್ದ ಅರ್ಚಕರ ಕೈಯಲ್ಲಿ ಜೇನಿನ ಬಟ್ಟಲಿತ್ತು. ಮಂಗಳಾರತಿಯ ಗಂಟೆ ಮೊಳಗಿದಾಗ ವೃದ್ಧರೆಲ್ಲ ಆ ಕೆಂಪು ಸೀರೆಗೇ ಭಕ್ತಿಯಿಂದ ಕೈಮುಗಿದರು.

ಮಠದ ವ್ಯವಸ್ಥಾಪಕ ಗುರುಪ್ರಸನ್ನರು ತೀರ್ಪಿತ್ತರು: “ಪಂದ್ಯ ರಾಯರು ಕಾಣೂದಕ್ಕ ಇತ್ತು, ಭಾಮಕ್ಕನ ಸೀರಿಗಲ್ಲ.”

ಪಂಕ್ತಿ ಎದ್ದಿತು. ವೃದ್ಧರು ಎಲೆಯಡಿಕೆ ಮೆಲ್ಲುತ್ತ ಪಡಸಾಲೆಗೆ ಮರಳಿದರು. ಒಳಗೆ ಸುಶಮೀಂದ್ರಾಚಾರ್ಯರು ಪಂಚೆ ಎತ್ತಿ ಕಟ್ಟಿ ಮೊದಲ ಎಲೆಗೆ ಬಾಗಿದರು. ಅಷ್ಟರಲ್ಲಿ ಮತ್ತೆ ಮಿಂದು ಬಂದ ಸತ್ಯಭಾಮಾಬಾಯಿ ಕೋಲಿನಿಂದ ಸೀರೆ ಇಳಿಸುವಾಗ ಕೋಲಿನ ತುದಿ ಕ್ಯಾಮೆರಾಕ್ಕೆ ತಾಗಿ, ಅದು ಪಕ್ಕದ ಭೋಜನಶಾಲೆಯ ಕಡೆ ಹೊರಳಿತು. ಪ್ರೋಗ್ರಾಂ ನಿಲ್ಲಿಸುವುದನ್ನು ಆಚಾರ್ಯರು ಮರೆತಿದ್ದರು. ಪಡಸಾಲೆಯ ಟಿವಿಯಲ್ಲಿ, ಬಣ್ಣಬಣ್ಣವಾಗಿ, ಅವರ ನಡು ಎಲೆಯಿಂದೆಲೆಗೆ ಸಲೀಸಾಗಿ ಬಾಗಿ ಏಳುತ್ತಿತ್ತು.

ಹೊರಗಿನ ನಗೆ ಒಳಗೂ ಕೇಳಿಸಿತು. ಕ್ಯಾಮೆರಾ ತಮ್ಮತ್ತ ನೋಡುತ್ತಿರುವುದನ್ನು ಕಂಡ ಆಚಾರ್ಯರು ಅಲ್ಲೇ ಕಲ್ಲಾದರು.

“ಚಿತ್ರ ಛೊಲೊ ಬರಲಿಕ್ಕತ್ತದ ಸುಶಮೀಂದ್ರಾ, ನಿಲ್ಲಿಸಬ್ಯಾಡ,” ಎಂದರು ಬಾಯಿ, ಸೀರೆ ಮಡಚುತ್ತ. “ಗೋಮಯ ಆದಮ್ಯಾಲೆ ಅಡಿಗಿಮನಿ ಕಡೆ ಬಾ. ಒಂದು ಸೌಟು ತಗದಿಟ್ಟೀನಿ.”