ದೇವರಗೂಡಿನಲ್ಲಿದ್ದ ದಂತ

ನಮ್ಮ ತಾತ ದಂಡಿನ ಬಂಗಲೆಯೊಂದರಲ್ಲಿ ಲೆಕ್ಕ ಬರೀತಿದ್ದರು. ಊರು ಬಿಟ್ಟು ಸೀಮೆಗೆ ಹೊರಟ ಇಂಗ್ಲಿಷಿನ ಮುದುಕ ದೊರೆ ಅವರ ಕೈಗೆ ಒಂದು ದಂತ ಕೊಟ್ಟು ಹೋದ. ಗೇಣುದ್ದ, ಮೇಲೆಲ್ಲ ಸೂಜಿಯಲ್ಲಿ ಗೀರಿದ ಹಡಗು, ಅಲೆ. ದಂತ ಅಂದಮೇಲೆ ಆನೆಯದೇ, ಆನೆಯದು ಅಂದಮೇಲೆ ಗಣಪತಿಯದೇ! ತಾತ ಹೋದಮೇಲೆ ಅಜ್ಜಿ ಅದನ್ನು ನಮ್ಮ ಹಲಸೂರಿನ ಬಾಡಿಗೆ ಮನೆಯ ದೇವರಗೂಡಿನಲ್ಲಿಟ್ಟು, ಪ್ರತಿ ಚೌತಿಗೂ ಹಾಲೆರೆದರು. ನಮ್ಮಜ್ಜಿಗೆ ಎದುರಾಡೋ ಗಂಡಸು ಇನ್ನೂ ಹುಟ್ಟಿರಲಿಲ್ಲ ಬಿಡಿ.

ಎಪ್ಪತ್ತರ ದಶಕ. ಇಂದಿರಾನಗರದಲ್ಲಿ ಸೈಟು ಸಿಗುತ್ತೆ ಅಂತ ಸುದ್ದಿಯಾಯಿತು. ಕಾರ್ಖಾನೆ ಗುಮಾಸ್ತರಾಗಿದ್ದ ಅಪ್ಪನಿಗೆ ಸ್ವಂತ ಮನೆ ಅಂದರೆ ಪ್ರಾಣ. ದಂತ ಏನು ಬಾಳುತ್ತೋ ಕೇಳೋಣ ಅಂದರು. "ಗಣಪತಿಯೇ ಮನೆ ಕೊಡ್ತೀನಿ ಅಂದ್ರೆ ನಾನ್ಯಾರೋ ಬೇಡ ಅನ್ನಕ್ಕೆ" ಅಂತ ಅಜ್ಜಿಯೂ ಹೊರಟರು, ಬಾಲದ ಹಾಗೆ ನಾನೂ.

ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯ ಸಾಹೇಬರು ಭೂತಗನ್ನಡಿ ಇಟ್ಟು ನೋಡಿದರು.

"ಆನೆದಲ್ಲ ಸ್ವಾಮಿ, ತಿಮಿಂಗಿಲದ ಹಲ್ಲು. ಬೇಟೆಗೆ ಹೋದ ನಾವಿಕ ಹಡಗಲ್ಲೇ ಕೂತು ಕೆತ್ತಿರೋದು. ಇಂಥದ್ದು ಮತ್ತೆ ಸಿಗಲ್ಲ" ಅಂದು ಬೆಲೆ ಹೇಳಿದರು. ಸೈಟಿಗೆ ಸಾಕು, ಗೋಡೆಗೂ ಮಿಗುತ್ತೆ. ಅಪ್ಪ ಸ್ಟೂಲಿನ ಮೇಲೆ ಕೂತೇಬಿಟ್ಟರು.

"ಆ ಪ್ರಾಣಿ ನಮ್ಮ ವಠಾರದಷ್ಟು ಉದ್ದ ಇರುತ್ತಾ?" ಅಂತ ಕೇಳಿದೆ.

"ಇರುತ್ತೆ ಬೇಟಿ."

ಮೈ ಜುಂ ಅಂತು. ನಾನು ಸಮುದ್ರವನ್ನೇ ಕಂಡವಳಲ್ಲ. ಅಂಥದ್ದರ ಬಾಯಿಂದ ಬಂದದ್ದು ನಮ್ಮ ಮನೇಲಿ ಕುಂಕುಮ ಇಡಿಸಿಕೊಂಡು ಕೂತಿತ್ತಲ್ಲಪ್ಪಾ!

ಅಜ್ಜಿ ಮಾತ್ರ "ಶಿವಶಿವಾ, ಮೀನಿನ ಹಲ್ಲಿಗೆ ಹಾಲೆರೆದ್ನಲ್ಲೋ!" ಅಂತ ಕೈ ಹಿಂದೆಳೆದುಕೊಂಡರು. ಯೋಚಿಸಿ ಹೇಳ್ತೀನಿ ಅಂತ ಅಪ್ಪ ಹಲ್ಲನ್ನು ವಾಪಸ್ ತಂದರು. ಬಸ್ಸಿನಲ್ಲಿ ಅಜ್ಜಿ ಅದಕ್ಕೆ ತಾಕದ ಹಾಗೆ ದೂರ ಸರಿದು ಕೂತರು. ಮನೆಗೆ ಬಂದವರೇ ತಲೆಗೆ ನೀರು ಹಾಕಿಕೊಂಡರು. ಇನ್ನು ಅದನ್ನ ಮುಟ್ಟಲ್ಲ ಅಂದುಕೊಂಡೆ. ಮುಟ್ಟಿದರು. ಮಡಿಲಲ್ಲಿಟ್ಟುಕೊಂಡು ಗೀರುಗಳ ಮೇಲೆ ಬೆರಳಾಡಿಸಿದರು.

"ಅಷ್ಟು ದೊಡ್ಡ ಜೀವ ಕಣೋ. ಸತ್ತಾಗ ಒಂದು ಹನಿ ನೀರು ಬಿಡೋರು ಇರಲಿಲ್ಲ. ಎಳ್ಳುನೀರು ಬಿಟ್ಟು ಆಮೇಲೆ ಮಾರು."

ಮಹಾಲಯ ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ತರ್ಪಣದ ಕೊನೆಗೆ, ಹಿಂದೆ ಮುಂದೆ ಯಾರೂ ಇಲ್ಲದವರಿಗೂ ನೀರು ಬಿಡೋದು ನಮ್ಮಲ್ಲಿ ಪದ್ಧತಿ. ಆ ಹೊತ್ತಿಗೆ ಅಪ್ಪ ತಿಮಿಂಗಿಲವನ್ನೂ ನೆನೆದರು. ಎಳ್ಳು ಬೆರೆತ ನೀರು ಬೆರಳ ಸಂದಿಯಿಂದ ತಟ್ಟೆಗಿಳಿಯಿತು.

"ಆಯ್ತಲ್ಲ, ಇನ್ನು ಕೊಟ್ಟುಬಿಡು" ಅಂದರು ಅಜ್ಜಿ.

ಅಪ್ಪ ಏಳಲಿಲ್ಲ.

"ನೀರು ಬಿಟ್ಟಮೇಲೆ ನಮ್ಮೋರೇ ಆದಂಗಾಯ್ತಲ್ಲಮ್ಮ. ಹೆಂಗಮ್ಮ ಮಾರೋದು?"